ಸೆಂಟ್ರಲ್ ಹಾಲಿನ ಮುಖಗಳು

1947ರ ಆಗಸ್ಟ್ 28. ಸ್ವಾತಂತ್ರ್ಯ ಬಂದು ಎರಡು ವಾರ ತುಂಬಿರಲಿಲ್ಲ. ದೆಹಲಿಯಲ್ಲಿ ಸಂವಿಧಾನ ರಚನಾ ಸಭೆ ಸೇರುತ್ತಿದ್ದ ದುಂಡನೆಯ ಸಭಾಂಗಣದಲ್ಲಿ ಸಭೆಯ ಅಧ್ಯಕ್ಷರಾಗಿದ್ದ ಡಾ. ರಾಜೇಂದ್ರ ಪ್ರಸಾದ್ ಒಂದು ತೈಲಚಿತ್ರವನ್ನು ಅನಾವರಣ ಮಾಡಿದರು. ಚಿತ್ರ ಮಹಾತ್ಮ ಗಾಂಧಿಯವರದು. ಬರೆದವರು ಬ್ರಿಟನ್ನಿನ ಭಾವಚಿತ್ರಕಾರ ಆಸ್ವಾಲ್ಡ್ ಬರ್ಲಿ, ಕಾಣಿಕೆಯಾಗಿ ಕೊಟ್ಟವರು ಎ. ಪಿ. ಪಟ್ಟಣಿ. ಗಾಂಧೀಜಿ ಆ ಹೊತ್ತಿನಲ್ಲಿ ಗಲಭೆ ತಣಿಸಲೆಂದು ಕಲ್ಕತ್ತೆಯಲ್ಲಿದ್ದರು. ಅವರು ದೆಹಲಿಯ ಆ ಸಭೆಯಲ್ಲಿರಲಿಲ್ಲ, ಅವರ ಮುಖ ಮಾತ್ರ ಅಲ್ಲಿತ್ತು. ಇಂದಿಗೂ ಆ ಚಿತ್ರ ವೇದಿಕೆಯ ಮೇಲ್ಭಾಗದಲ್ಲೇ ಇದೆ.

ಆ ಸಭಾಂಗಣವೇ ಸೆಂಟ್ರಲ್ ಹಾಲ್. ಲುಟ್ಯೆನ್ಸ್ ಮತ್ತು ಬೇಕರ್ ವಿನ್ಯಾಸ ಮಾಡಿದ, 1927ರ ಜನವರಿಯಲ್ಲಿ ಉದ್ಘಾಟನೆಯಾದ ಹಳೆಯ ಸಂಸತ್ ಭವನದ ನಡುಮನೆ ಅದು. ಗುಮ್ಮಟದ ಅಡ್ಡಳತೆ 98 ಅಡಿ, ಎತ್ತರ 118 ಅಡಿ. ಮೊದಲು ಶಾಸಕರ ಗ್ರಂಥಾಲಯವಾಗಿದ್ದ ಈ ಕೋಣೆಯನ್ನು 1946ರಲ್ಲಿ ಸಂವಿಧಾನ ರಚನಾ ಸಭೆಗಾಗಿ ಸಜ್ಜುಗೊಳಿಸಿದರು. ಆ ವರ್ಷ ಡಿಸೆಂಬರ್ 9ರಂದು ಸಭೆ ಮೊದಲ ಬಾರಿ ಸೇರಿದ್ದೂ, ಅಧಿಕಾರ ಹಸ್ತಾಂತರದ ನಡುರಾತ್ರಿ ಕಳೆದದ್ದೂ ಇಲ್ಲಿಯೇ. 2023ರ ಸೆಪ್ಟೆಂಬರಿನಲ್ಲಿ ಕಲಾಪ ಹೊಸ ಕಟ್ಟಡಕ್ಕೆ ಹೋದ ಮೇಲೆ ಹಳೆಯ ಭವನಕ್ಕೆ ಸಂವಿಧಾನ ಸದನ ಎಂಬ ಹೆಸರು ಬಂತು. ಚಿತ್ರಗಳು ಅಲ್ಲೇ ಉಳಿದವು. ಗಾಂಧೀಜಿಯ ನಂತರ 1956ರಲ್ಲಿ ಲೋಕಮಾನ್ಯ ತಿಲಕರು ಮತ್ತು ಲಾಲಾ ಲಜಪತ ರಾಯರು, 1990ರಲ್ಲಿ ಡಾ. ಅಂಬೇಡ್ಕರ್, 2003ರಲ್ಲಿ ಸಾವರ್ಕರ್, 2019ರಲ್ಲಿ ವಾಜಪೇಯಿ: ಹೀಗೆ ದಶಕದಿಂದ ದಶಕಕ್ಕೆ ಗೋಡೆ ತುಂಬುತ್ತಾ ಬಂದಿದೆ. ಯಾರ ಚಿತ್ರ ಬರಬೇಕೆಂಬುದನ್ನು ಸಂಸತ್ತಿನ ಒಂದು ಸಮಿತಿ ನೋಡಿಕೊಳ್ಳುತ್ತದೆ. ಆಯಾ ನಾಯಕರ ಜಯಂತಿಯಂದು ಸಂಸದರು ಚಿತ್ರದ ಮುಂದೆ ಹೂವಿಟ್ಟು ನಮಿಸುತ್ತಾರೆ.

ಅಂಥ ದಿನ ಪತ್ರಿಕೆಗಳಲ್ಲಿ ಬರುವ ಛಾಯಾಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ನಮಿಸುವವರು ಯಾರು, ನಮನ ಯಾರಿಗೆ ಎಂಬುದು ಅಡಿಬರಹದಲ್ಲಿರುತ್ತದೆ. ಚಿತ್ರ ಬರೆದವರ ಹೆಸರು ಇರುವುದು ಅಪರೂಪ. ಈ ಹಾಲಿನ ಚಿತ್ರಗಳನ್ನು ಬರೆದ ಗೋಪಾಲ ದೇವಸ್ಕರ್, ಸತೀಶ್ ಗುಜ್ರಾಲ್, ಜೇಬಾ ಅಮ್ರೋಹವಿ, ಚಂದ್ರಕಲಾ ಕದಂ, ಕೃಷ್ಣ ಕನ್ಹಾಯಿ ಇವರೆಲ್ಲ ಏನು ಮಾಡಿದರು, ತೀರಿಹೋದವರೊಬ್ಬರ ಮುಖವನ್ನು ಬಟ್ಟೆಯ ಮೇಲೆ ನಿಲ್ಲಿಸುವುದೆಂದರೆ ಎಂಥ ಕೆಲಸ, ಅದನ್ನು ಮೊದಲಿನಿಂದ ನೋಡೋಣ. ಒಬ್ಬೊಬ್ಬ ಚಿತ್ರಕಾರರ ಪದ್ಧತಿ ಒಂದೊಂದು ರೀತಿ. ಇಲ್ಲಿ ಹೇಳುವುದು ಕಲಾಶಾಲೆಗಳಲ್ಲಿ ತಲೆಮಾರುಗಳಿಂದ ಕಲಿಸಿಕೊಂಡು ಬಂದಿರುವ ಕ್ರಮ.

ಮೊದಲ ಕೆಲಸ ಬಟ್ಟೆಯದು. ದೊಡ್ಡ ತೈಲಚಿತ್ರಕ್ಕೆ ಒಳ್ಳೆಯ ಬಟ್ಟೆ ಲಿನನ್. ಇದು ಅಗಸೆ ಗಿಡದ ನಾರಿನಿಂದ ನೇಯ್ದದ್ದು. ಬಣ್ಣ ಅರೆಯಲು ಬಳಸುವ ಎಣ್ಣೆಯೂ ಅದೇ ಅಗಸೆಯ ಬೀಜದ್ದು. ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡಿ ರೊಟ್ಟಿಯ ಜೊತೆ ತಿನ್ನುವ ಅಗಸಿಯೇ ಇದು. ಒಂದೇ ಗಿಡ ಚಿತ್ರಕ್ಕೆ ನೆಲವನ್ನೂ ಕೊಡುತ್ತದೆ, ನೆಲದ ಮೇಲೆ ಹರಡುವ ಬಣ್ಣಕ್ಕೆ ಒಡಲನ್ನೂ ಕೊಡುತ್ತದೆ.

ಬಟ್ಟೆಯನ್ನು ಬಿಗಿಯುವುದು ಮರದ ಒಳಚೌಕಟ್ಟಿನ ಮೇಲೆ. ಇದರ ನಾಲ್ಕು ಮೂಲೆಗಳಿಗೆ ಮೊಳೆ ಹೊಡೆದು ಕಟ್ಟಿಹಾಕುವುದಿಲ್ಲ, ಪಟ್ಟಿಗಳು ಒಂದರೊಳಗೊಂದು ಸೇರಿಕೊಂಡು ಸ್ವಲ್ಪ ಸರಿದಾಡುವಂತೆ ಬಿಟ್ಟಿರುತ್ತಾರೆ. ಪಟ್ಟಿಯ ಒಳ ಅಂಚನ್ನು ಇಳಿಜಾರಾಗಿ ಹೆರೆದಿರುತ್ತಾರೆ. ಇಲ್ಲದಿದ್ದರೆ ಮರದ ಏಣು ಬಟ್ಟೆಗೆ ತಾಗಿ ಕೆಲವು ವರ್ಷಗಳಲ್ಲಿ ಚಿತ್ರದ ಮುಂಬದಿಯಲ್ಲಿ ಉದ್ದ ಗೆರೆ ಮೂಡಿಬಿಡುತ್ತದೆ. ಅಗಲ ಬಾಯಿಯ ಇಕ್ಕಳದಿಂದ ಬಟ್ಟೆಯನ್ನು ಎಳೆದು ಮೊದಲು ನಾಲ್ಕು ಬದಿಗಳ ನಡುವೆ ಒಂದೊಂದು ಮೊಳೆ, ಆಮೇಲೆ ಎಡಕ್ಕೊಂದು ಬಲಕ್ಕೊಂದು, ಮೇಲಕ್ಕೊಂದು ಕೆಳಕ್ಕೊಂದು ಹೀಗೆ ಮೂಲೆಗಳ ಕಡೆ ಸಾಗುತ್ತಾರೆ. ಒಂದೇ ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ನೇಯ್ಗೆಯ ಎಳೆ ಓರೆಯಾಗುತ್ತದೆ. ಕೆಲಸ ಸರಿಯಾಗಿದ್ದರೆ ಬೆರಳಿನಿಂದ ತಟ್ಟಿದಾಗ ಬಟ್ಟೆ ತಮಟೆಯಂತೆ ಸದ್ದು ಮಾಡುತ್ತದೆ. ಮೂಲೆಗಳ ಒಳಗಡೆ ಸಣ್ಣ ಮರದ ಬೆಣೆಗಳನ್ನು ಸೇರಿಸಿರುತ್ತಾರೆ. ದೆಹಲಿಯ ಒಣ ಬೇಸಿಗೆಗೂ ತೇವದ ಮಳೆಗಾಲಕ್ಕೂ ನಡುವೆ ಬಟ್ಟೆ ಒಮ್ಮೆ ಬಿಗಿದು ಒಮ್ಮೆ ಸಡಿಲಗೊಳ್ಳುತ್ತದೆ. ಐವತ್ತು ವರ್ಷದ ನಂತರ ಚಿತ್ರ ಜೋತುಬಿದ್ದರೆ ಆ ಬೆಣೆಗಳಿಗೆ ಮೆಲ್ಲನೆ ಎರಡು ಏಟು ಹಾಕಿದರೆ ಸಾಕು, ಮತ್ತೆ ಬಿಗಿಯಾಗುತ್ತದೆ.

ಬರೀ ಬಟ್ಟೆಯ ಮೇಲೆ ಎಣ್ಣೆಬಣ್ಣ ಹಚ್ಚುವಂತಿಲ್ಲ. ಎಣ್ಣೆ ನೇರವಾಗಿ ತಾಗಿದ ನಾರು ಕಾಲಕ್ರಮೇಣ ಸುಟ್ಟ ಕಾಗದದಂತೆ ಪುಡಿಯಾಗುತ್ತದೆ. ಅದಕ್ಕಾಗಿ ಮೊದಲು ಬಡಗಿಗಳು ಬಳಸುವಂಥ ಸರೇಸನ್ನು ತೆಳುವಾಗಿ ಕಾಯಿಸಿ ಬಳಿಯುತ್ತಾರೆ. ಅದು ಎಳೆಗಳ ನಡುವಿನ ಸಂದನ್ನು ಮುಚ್ಚುತ್ತದೆ. ಅದರ ಮೇಲೆ ಬಿಳಿಯ ತಳಲೇಪ ಎರಡು ಮೂರು ಸಲ. ಒಂದೊಂದು ಸಲವೂ ಒಣಗಿಸಿ ಉಜ್ಜುಕಾಗದದಿಂದ ಉಜ್ಜಬೇಕು. ಆದರೆ ಗಾಜಿನಂತೆ ನುಣುಪಾಗಿಸಬಾರದು. ಕುಂಚ ಎಳೆದಾಗ ಬಣ್ಣ ಕಚ್ಚಿಕೊಳ್ಳುವಷ್ಟು ತರಿ ಉಳಿಯಬೇಕು. ಇಷ್ಟಾಗುವ ಹೊತ್ತಿಗೆ ವಾರಗಳು ಕಳೆದಿರುತ್ತವೆ, ಮುಖದ ಒಂದು ಗೆರೆಯೂ ಬಿದ್ದಿರುವುದಿಲ್ಲ. ಇಂದು ತಳಲೇಪ ಸಹಿತ ಸಿದ್ಧ ಕ್ಯಾನ್ವಾಸ್ ಅಂಗಡಿಯಲ್ಲೇ ಸಿಗುತ್ತದೆ. ಆದರೂ ದೊಡ್ಡ ಕೆಲಸ ಹಿಡಿದವರು ಇದನ್ನೆಲ್ಲ ಕೈಯಾರೆ ಮಾಡುವುದುಂಟು.

ಇನ್ನು ಮುಖ. ಎದುರು ಕೂತವರನ್ನು ನೋಡಿ ಬರೆಯುವುದು ಒಂದು ಬಗೆ. ಆಗ ಚಿತ್ರಕಾರನಿಗೆ ಮುಖದ ಬಣ್ಣ, ಮೈಕಟ್ಟು, ಕೂರುವ ಠೀವಿ, ಬೇಸರವಾದಾಗ ತುಟಿ ಹೇಗೆ ತಿರುಗುತ್ತದೆ ಎಂಬುದೆಲ್ಲ ಕಣ್ಣೆದುರೇ ಸಿಗುತ್ತದೆ. ಸೆಂಟ್ರಲ್ ಹಾಲಿನ ಜವಾಹರಲಾಲ್ ನೆಹರೂ ಚಿತ್ರ ಬರೆದ ಸ್ವೆತೊಸ್ಲಾವ್ ರೋರಿಕ್ ಅವರಿಗೆ ಆ ಭಾಗ್ಯವಿತ್ತು. 1942ರಲ್ಲಿ ನೆಹರೂ ಕುಲು ಕಣಿವೆಯ ನಗ್ಗರ್‌ನಲ್ಲಿದ್ದ ರೋರಿಕ್ ಕುಟುಂಬದ ಮನೆಯಲ್ಲಿ ಉಳಿದಿದ್ದಾಗ ಅವರನ್ನು ಎದುರಿಗಿಟ್ಟುಕೊಂಡು ಬರೆದಿದ್ದರು, ಆಮೇಲೂ ಹಲವು ಬಾರಿ ನೆಹರೂ ಮುಖಕ್ಕೆ ಮರಳಿದರು.

ಎಲ್ಲರಿಗೂ ಹಾಗಾಗುವುದಿಲ್ಲ. ತಿಲಕರು ತೀರಿಕೊಂಡದ್ದು 1920ರಲ್ಲಿ. ಅವರ ಚಿತ್ರ ಬರೆದ ಗೋಪಾಲ ದೇವಸ್ಕರ್ ಹುಟ್ಟಿದ್ದು 1911ರಲ್ಲಿ. ತಿಲಕರ ಜನ್ಮಶತಾಬ್ದಿಯ ವರ್ಷವಾದ 1956ರ ಜುಲೈ 28ರಂದು ನೆಹರೂ ಆ ಚಿತ್ರವನ್ನು ಅನಾವರಣ ಮಾಡಿದರು. ಲಾಲಾ ಲಜಪತ ರಾಯರು ಕಣ್ಣುಮುಚ್ಚಿದ್ದು 1928ರ ನವೆಂಬರ್ 17ರಂದು. ಸತೀಶ್ ಗುಜ್ರಾಲ್ ಆಗ ಇನ್ನೂ ಮೂರು ತುಂಬದ ಮಗು. ಇಪ್ಪತ್ತೆಂಟು ವರ್ಷಗಳ ನಂತರ ಅದೇ ನವೆಂಬರ್ 17ಕ್ಕೆ ಗುಜ್ರಾಲ್ ಬರೆದ ಚಿತ್ರ ಹಾಲಿಗೆ ಬಂತು. ಗುಜ್ರಾಲ್ ಬಾಲ್ಯದಲ್ಲೇ ಶ್ರವಣಶಕ್ತಿ ಕಳೆದುಕೊಂಡಿದ್ದವರು. ಪಂಜಾಬಿನ ಸಿಂಹವೆಂದು ಹೆಸರಾದ ಮಾತುಗಾರನನ್ನು, ಮಾತು ಕೇಳಿಸದ ಪಂಜಾಬಿ ಚಿತ್ರಕಾರ ಬರೆದರು.

ಇಂಥ ಸಂದರ್ಭದಲ್ಲಿ ಕೈಯಲ್ಲಿರುವುದು ಹಳೆಯ ಕಪ್ಪು ಬಿಳುಪು ಫೋಟೊಗಳು. ಅವನ್ನು ನಂಬುವಂತಿಲ್ಲ. ಆ ಕಾಲದ ಫೋಟೊ ಫಲಕಗಳಲ್ಲಿ ಹೆಚ್ಚಿನವು ನೀಲಿ ಬೆಳಕಿಗೆ ಚುರುಕಾಗಿ ಸ್ಪಂದಿಸುತ್ತಿದ್ದವು, ಕೆಂಪಿಗೆ ಕುರುಡಾಗಿದ್ದವು. ಹಾಗಾಗಿ ಕೆಂಪು ಪಗಡಿ ಫೋಟೊದಲ್ಲಿ ಕಪ್ಪಾಗಿ ಬೀಳುತ್ತದೆ. ಕೆಂಪಿನ ಅಂಶವಿರುವ ನಮ್ಮ ಮೈಬಣ್ಣ ಇದ್ದದ್ದಕ್ಕಿಂತ ಕಪ್ಪಾಗುತ್ತದೆ. ತೀರಾ ಹತ್ತಿರದಿಂದ ತೆಗೆದ ಫೋಟೊದಲ್ಲಿ ಮೂಗು ಉಬ್ಬಿ ಕಿವಿ ಹಿಂದೆ ಸರಿದಂತಿರುತ್ತದೆ. ಅದರ ಮೇಲೆ ಸ್ಟುಡಿಯೊದವರು ಸುಕ್ಕು ಅಳಿಸಲೆಂದು ತಿದ್ದಿದ್ದೂ ಇರುತ್ತದೆ. ಚಿತ್ರಕಾರ ಸಿಕ್ಕಿದಷ್ಟು ಫೋಟೊಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲದರಲ್ಲೂ ನಿಲ್ಲುವ ಅಳತೆ ಯಾವುದು, ಒಂದರಲ್ಲಿ ಮಾತ್ರ ಕಾಣುವುದು ಯಾವುದು ಎಂದು ಜರಡಿ ಹಿಡಿಯಬೇಕು. ಹತ್ತಿರದ ಬಂಧುಗಳ ಮೈಬಣ್ಣ ನೋಡುವುದು, ಕಂಡಿದ್ದವರನ್ನು ಕೇಳುವುದು, ಅದೇ ವಯಸ್ಸಿನ ಅದೇ ಮೈಕಟ್ಟಿನ ಒಬ್ಬರಿಗೆ ಅದೇ ಬಗೆಯ ಉಡುಗೆ ತೊಡಿಸಿ ಕೂರಿಸಿ ನೆರಳು ಬೆಳಕು ಹೇಗೆ ಬೀಳುತ್ತದೆಂದು ಗಮನಿಸುವುದು, ಎಲ್ಲವೂ ಈ ತಯಾರಿಯೊಳಗೇ ಬರುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಕಷ್ಟದ ಭಾಗ ಇದೇ. ಕುಂಚ ಹಿಡಿಯುವ ಮೊದಲೇ ಚಿತ್ರದ ಅಳಿವು ಉಳಿವು ಇಲ್ಲಿ ನಿಶ್ಚಯವಾಗಿಬಿಡುತ್ತದೆ.

ಸಿದ್ಧವಾದ ಸಣ್ಣ ನಕ್ಷೆಯ ಮೇಲೆ ಚೌಕಳಿ ಎಳೆದು, ಅಷ್ಟೇ ಚೌಕಗಳನ್ನು ಕ್ಯಾನ್ವಾಸಿನ ಮೇಲೆ ದೊಡ್ಡದಾಗಿ ಹಾಕಿ, ಇದ್ದಿಲ ಕಡ್ಡಿಯಿಂದ ಒಂದೊಂದೇ ಚೌಕವನ್ನು ವರ್ಗಾಯಿಸುತ್ತಾರೆ. ನಮ್ಮೂರ ಸಿನಿಮಾ ಬ್ಯಾನರ್ ಕಲಾವಿದರೂ ಇದೇ ಉಪಾಯದಿಂದ ನಲವತ್ತು ಅಡಿಯ ನಾಯಕನನ್ನು ನಿಲ್ಲಿಸುತ್ತಿದ್ದರು. ಸಭಾಂಗಣದ ಚಿತ್ರಕ್ಕೆ ಇನ್ನೊಂದು ಲೆಕ್ಕವಿದೆ. ಅದು ನೋಡುವವರ ತಲೆಗಿಂತ ಮೇಲೆ ತೂಗುತ್ತದೆ. ಮೇಜಿನ ಮಟ್ಟದಲ್ಲಿ ಚೆನ್ನಾಗಿ ಕಂಡ ಗಲ್ಲ ಎತ್ತರಕ್ಕೆ ಹೋದಾಗ ಭಾರವಾಗಿ ಕಾಣಬಹುದು, ಹಣೆ ಚಿಕ್ಕದಾಗಬಹುದು. ಆದ್ದರಿಂದ ಅನುಭವಿಗಳು ಕ್ಯಾನ್ವಾಸನ್ನು ಆಗಾಗ ಎತ್ತರದಲ್ಲಿಟ್ಟು, ಕೋಣೆಯ ಆ ತುದಿಗೆ ನಡೆದು ಹೋಗಿ ನೋಡುತ್ತಾರೆ. ದಿನಕ್ಕೆ ಎಷ್ಟು ಸಲ ಹಿಂದಕ್ಕೆ ಮುಂದಕ್ಕೆ ನಡೆಯುತ್ತಾರೋ ಲೆಕ್ಕವಿಲ್ಲ. ಭಾವಚಿತ್ರ ಕಾಲಿನ ಕೆಲಸವೂ ಹೌದು.

ಬಣ್ಣ ಪದರ ಪದರವಾಗಿ ಏರುತ್ತದೆ. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿ ಪೊರೆಯಾಗುತ್ತದೆ. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ತಿಂಗಳುಗಟ್ಟಲೆ ಈ ಬದಲಾವಣೆ ನಡೆಯುತ್ತಲೇ ಇರುತ್ತದೆ. ಇದರಿಂದ ಹುಟ್ಟಿದ್ದು ತೈಲಚಿತ್ರದ ಮೂಲ ನಿಯಮ: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು. ತಳದ ಪದರವನ್ನು ಟರ್ಪೆಂಟೈನ್ ಬೆರೆಸಿ ತೆಳುವಾಗಿ ಹಚ್ಚುತ್ತಾರೆ, ಅದು ಬೇಗ ಗಟ್ಟಿಯಾಗುತ್ತದೆ. ಮೇಲಿನ ಜಿಡ್ಡಿನ ಪದರ ಮೆತ್ತಗೆ ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಈ ಕ್ರಮ ತಿರುವುಮುರುವಾದರೆ ಒಣಗಿದ ಕೆರೆಯ ತಳದಂತೆ ಮುಖದ ತುಂಬ ಬಿರುಕು ಬೀಳುತ್ತದೆ. ಬಿರುಕು ಬೀಳುವುದು ಹತ್ತಾರು ವರ್ಷಗಳಾದ ಮೇಲೆ. ತಪ್ಪು ಮಾಡಿದವರಿಗೆ ತಿದ್ದಿಕೊಳ್ಳುವ ಅವಕಾಶವೇ ಇರುವುದಿಲ್ಲ.

ಮೊದಲ ಪದರದಲ್ಲಿ ಬಣ್ಣವೇ ಇರುವುದಿಲ್ಲವೆನ್ನಬಹುದು. ಕಂದು ಅಥವಾ ಬೂದು ಛಾಯೆಯಲ್ಲಿ ನೆರಳು ಎಲ್ಲಿ, ಬೆಳಕು ಎಲ್ಲಿ ಎಂಬುದನ್ನಷ್ಟೇ ಹರಡುತ್ತಾರೆ. ಕಣ್ಣು ಅರೆಮುಚ್ಚಿ ನೋಡಿದಾಗ ವ್ಯಕ್ತಿ ಯಾರೆಂದು ಈ ಹಂತದಲ್ಲೇ ಗೊತ್ತಾಗಬೇಕು. ದೂರದಿಂದ ಬರುವ ಪರಿಚಿತರನ್ನು ನಾವು ಗುರುತಿಸುವುದು ಹುಬ್ಬಿನ ಕೂದಲಿನಿಂದಲ್ಲ, ತಲೆಯ ಆಕಾರದಿಂದ, ಕಣ್ಣಿನ ಗುಳಿಯ ನೆರಳಿನಿಂದ. ಹೋಲಿಕೆ ಅಲ್ಲಿ ಬರದಿದ್ದರೆ ಮೇಲೆ ಎಷ್ಟು ನಯವಾಗಿ ತೀಡಿದರೂ ಬರುವುದಿಲ್ಲ.

ಆಮೇಲೆ ಮೈಬಣ್ಣ. ಮೈಬಣ್ಣ ಎಂದು ಬರೆದ ಒಂದು ಟ್ಯೂಬ್ ಅಂಗಡಿಯಲ್ಲಿ ಸಿಕ್ಕಿದರೂ ಬಲ್ಲವರು ಅದನ್ನು ಮುಟ್ಟುವುದಿಲ್ಲ. ನಮ್ಮ ಜನರ ಮೈಬಣ್ಣ ಹಳದಿ ಮಣ್ಣು, ಕಾವಿ, ಸುಟ್ಟ ಕಂದು, ಸಫೇದ, ಚಿಟಿಕೆಯಷ್ಟು ಹಸಿರು ಅಥವಾ ನೀಲಿ, ಇವುಗಳ ಬೆರಕೆಯಿಂದ ಏಳುತ್ತದೆ. ಒಂದೇ ಮುಖದಲ್ಲೂ ಅದು ಒಂದೇ ಆಗಿರುವುದಿಲ್ಲ. ಹಣೆಯಲ್ಲಿ ಮೂಳೆಯ ಮೇಲೆ ಚರ್ಮ ತೆಳು, ಅಲ್ಲಿ ಹಳದಿ ಹೆಚ್ಚು. ಕೆನ್ನೆ, ಮೂಗು, ಕಿವಿಗಳಲ್ಲಿ ರಕ್ತ ಹೆಚ್ಚು, ಅಲ್ಲಿ ಕೆಂಪು. ಗಂಡಸರಲ್ಲಿ ಕ್ಷೌರ ಮಾಡಿದ ದವಡೆಯ ಮೇಲೆ ಬೂದು ಹಸಿರಿನ ಛಾಯೆ. ಈ ಮೂರನ್ನು ಗೆರೆ ಕಾಣದಂತೆ ಒಂದರಿಂದ ಒಂದಕ್ಕೆ ಜಾರಿಸಿದಾಗ ಚರ್ಮದ ಕೆಳಗೆ ರಕ್ತ ಓಡುತ್ತಿದೆ ಎನಿಸುತ್ತದೆ. ಕೊನೆಯಲ್ಲಿ ಎಣ್ಣೆಯಲ್ಲಿ ತೆಳುವಾಗಿ ಕರಗಿಸಿದ ಪಾರದರ್ಶಕ ಬಣ್ಣವನ್ನು ಬಣ್ಣದ ಗಾಜು ಇಟ್ಟಂತೆ ನೆರಳಿನ ಮೇಲೆ ಹರಡುತ್ತಾರೆ. ಬೆಳಕು ಅದರೊಳಗೆ ಹೊಕ್ಕು ಕೆಳಗಿನ ಪದರಕ್ಕೆ ಬಡಿದು ಮರಳಿ ಬರುತ್ತದೆ. ಅಚ್ಚಿನ ಚಿತ್ರಕ್ಕೆ ಇಲ್ಲದ ಆಳ ತೈಲಚಿತ್ರಕ್ಕೆ ಬರುವುದು ಇದರಿಂದ.

ಕನ್ನಡಕ ಹಾಕಿದವರ ಮುಖ ಇನ್ನೊಂದು ಪರೀಕ್ಷೆ. ಸಮೀಪದೃಷ್ಟಿಯವರ ದಪ್ಪ ಗಾಜಿನ ಮೂಲಕ ನೋಡಿದಾಗ ಕೆನ್ನೆಯ ಹೊರಗೆರೆ ತುಸು ಒಳಕ್ಕೆ ಮುರಿದು ಕಾಣುತ್ತದೆ, ಕಣ್ಣು ಚಿಕ್ಕದಾಗುತ್ತದೆ. ಈ ಮುರಿತವನ್ನು ಬಿಟ್ಟರೆ ಗಾಜಿಲ್ಲದ ಬರೀ ಕಡ್ಡಿ ಕಂಡಂತಾಗುತ್ತದೆ, ಅತಿಯಾದರೆ ಮುಖವೇ ಕೆಡುತ್ತದೆ. ಕಣ್ಣಿನ ಬಿಳಿಯೂ ಬಿಳಿಯಲ್ಲ, ರೆಪ್ಪೆಯ ನೆರಳು ಬಿದ್ದ ಬೂದು. ಕಣ್ಣಿಗೆ ಜೀವ ತರುವ ಬೆಳಕಿನ ಚುಕ್ಕಿ ಸಾಸಿವೆ ಕಾಳಿನಷ್ಟು. ಅದನ್ನು ಎಲ್ಲ ಮುಗಿದ ಮೇಲೆ ಒಂದೇ ಸ್ಪರ್ಶದಲ್ಲಿ ಇಡುತ್ತಾರೆ. ಎತ್ತ ನಡೆದರೂ ಚಿತ್ರದ ಕಣ್ಣು ನಮ್ಮನ್ನೇ ನೋಡುತ್ತದೆ ಎಂದು ಜನ ಬೆರಗಾಗುತ್ತಾರೆ. ನಿಜವಾದ ಮುಖದ ಎದುರು ನಾವು ಸರಿದರೆ ಮೂಗಿನ ಇನ್ನೊಂದು ಮಗ್ಗುಲು ಕಾಣುತ್ತದೆ. ಚಪ್ಪಟೆ ಚಿತ್ರದಲ್ಲಿ ಹಾಗೆ ಏನೂ ಬದಲಾಗುವುದಿಲ್ಲ, ನಮ್ಮತ್ತ ಬರೆದ ನೋಟ ನಮ್ಮತ್ತಲೇ ಉಳಿಯುತ್ತದೆ. ಕಾರಣ ತಿಳಿದ ಮೇಲೂ ಬೆರಗು ಕಡಿಮೆಯಾಗುವುದಿಲ್ಲ.

ಸ್ವಾತಂತ್ರ್ಯ ಹೋರಾಟದ ತಲೆಮಾರಿನ ಭಾವಚಿತ್ರಗಳಿಗೆ ಮತ್ತೊಂದು ಸವಾಲಿದೆ: ಖಾದಿ. ಯುರೋಪಿನ ಹಳೆಯ ಭಾವಚಿತ್ರಗಳಲ್ಲಿ ಕಪ್ಪು ಕೋಟು, ಮಖಮಲ್ಲು, ಪದಕ, ಜರಿ ಇರುತ್ತವೆ. ಕಪ್ಪಿನ ನಡುವೆ ಮುಖ ತಾನಾಗಿ ಬೆಳಗುತ್ತದೆ. ಬಿಳಿ ಬಟ್ಟೆ ತೊಟ್ಟ ಕಂದು ಮೈಯವರಲ್ಲಿ ಮುಖಕ್ಕಿಂತ ಬಟ್ಟೆಯೇ ಹೆಚ್ಚು ಹೊಳೆದು ಕಣ್ಣನ್ನು ಎಳೆದುಬಿಡುತ್ತದೆ. ಅದಕ್ಕೆ ಬಟ್ಟೆಯ ಬಿಳಿಯನ್ನು ತಗ್ಗಿಸಿ, ನೆರಳಿನ ಮಡಿಕೆಗಳಿಗೆ ನೀಲಿ ಬೂದು, ಕತ್ತಿನ ಬಳಿ ಮೈಯಿಂದ ಪ್ರತಿಫಲಿಸಿದ ಕೆಂಪು ಛಾಯೆ ಕೊಡುತ್ತಾರೆ. ಶುದ್ಧ ಸಫೇದವನ್ನು ಎರಡು ಮೂರು ಕಡೆ ಮಾತ್ರ ಮುಟ್ಟಿಸುತ್ತಾರೆ. ಕೈನೂಲಿನ ಖಾದಿ ರೇಷ್ಮೆಯಂತೆ ಇಳಿಬೀಳುವುದಿಲ್ಲ, ಹತ್ತಿಯ ಗಿರಣಿ ಬಟ್ಟೆಯಂತೆ ಚೂಪಾಗಿ ಮುರಿಯುವುದೂ ಇಲ್ಲ. ಆ ದೊರಗು ಮಡಿಕೆಯನ್ನು ಬಿರುಸು ಕೂದಲಿನ ಕುಂಚದಿಂದ ಒಣಕಲು ಬಣ್ಣ ಸವರಿ ತರುತ್ತಾರೆ.

ಮುಗಿದ ಚಿತ್ರಕ್ಕೆ ಕೊನೆಯ ವಾರ್ನಿಶ್ ಕೊಡಲು ಆರು ತಿಂಗಳಿನಿಂದ ಒಂದು ವರ್ಷ ಕಾಯಬೇಕು. ಅನಾವರಣದ ದಿನಾಂಕ ಕಾಯುವುದಿಲ್ಲವಾದ್ದರಿಂದ ತೀರಾ ತೆಳುವಾದ ತಾತ್ಕಾಲಿಕ ವಾರ್ನಿಶ್ ಕೊಟ್ಟು ಕಳಿಸುವ ರೂಢಿಯೂ ಇದೆ. ತೂಗುಹಾಕುವಾಗ ಮೇಲ್ಭಾಗ ತುಸು ಮುಂದಕ್ಕೆ ಬಾಗುವಂತೆ ಕಟ್ಟಿದರೆ ದೀಪದ ಹೊಳಪು ನೋಡುವವರ ಕಣ್ಣಿಗೆ ಬಡಿಯುವುದಿಲ್ಲ.

ಅಲ್ಲಿಂದ ಮುಂದೆ ಚಿತ್ರ ಸಂರಕ್ಷಕರ ಕೈಗೆ ಹೋಗುತ್ತದೆ. ದಶಕಗಳಲ್ಲಿ ವಾರ್ನಿಶ್ ಹಳದಿಗಟ್ಟುತ್ತದೆ, ಧೂಳು ಕೂರುತ್ತದೆ. ಬಿದಿರಿನ ಕಡ್ಡಿಗೆ ಹತ್ತಿ ಸುತ್ತಿ, ದ್ರಾವಕದಲ್ಲಿ ಅದ್ದಿ, ಅಂಗುಲ ಅಂಗುಲವಾಗಿ ಉರುಳಿಸುತ್ತಾ ಹಳೆಯ ವಾರ್ನಿಶ್ ತೆಗೆಯುತ್ತಾರೆ. ಹತ್ತಿಯ ಮೇಲೆ ಚಿತ್ರದ ಬಣ್ಣ ಒಂದಿಷ್ಟು ಕಂಡರೂ ಆ ಕ್ಷಣವೇ ಕೈ ನಿಲ್ಲಬೇಕು. ಮೇಲಿನ ಕೊಳೆ ತೆಗೆಯಲು ಸಂರಕ್ಷಕರು ಇಂದಿಗೂ ಬಳಸುವ ಒಂದು ದ್ರವ ಮನುಷ್ಯನ ಉಗುಳು. ಅದರಲ್ಲಿರುವ ಕಿಣ್ವ ಕೊಳೆಯನ್ನು ಸಡಿಲಿಸುತ್ತದೆ, ಬಣ್ಣಕ್ಕೆ ಹಾನಿ ಮಾಡುವುದಿಲ್ಲ. ಬಟ್ಟೆಯೇ ಶಿಥಿಲವಾಗಿದ್ದರೆ ಹಿಂಬದಿಗೆ ಇನ್ನೊಂದು ಬಟ್ಟೆಯ ಅಸ್ತರು ಅಂಟಿಸುತ್ತಾರೆ. ಅವರು ತಮ್ಮ ಕೆಲಸದ ಗುರುತು ನೋಡುವವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತಾರೆ. ಕಾಣಿಸದಿರುವುದೇ ಅವರ ಯಶಸ್ಸು.

ಸೆಂಟ್ರಲ್ ಹಾಲಿನ ಚಿತ್ರಗಳನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಎಲ್ಲರಿಗೂ ಸಿಗದು. ಆದರೆ ನೆಹರೂ ಚಿತ್ರ ಬರೆದ ರೋರಿಕ್ ಕನ್ನಡಿಗರಿಗೆ ದೂರದವರಲ್ಲ. ರಷ್ಯದಲ್ಲಿ ಹುಟ್ಟಿದ ಅವರು ಪತ್ನಿ, ನಟಿ ದೇವಿಕಾ ರಾಣಿಯವರೊಡನೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ದಶಕಗಳ ಕಾಲ ಬಾಳಿದರು, 1993ರ ಜನವರಿಯಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಮತ್ತು ಅವರ ತಂದೆ ನಿಕೊಲಾಯ್ ರೋರಿಕ್ ಅವರ ಚಿತ್ರಗಳು ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿವೆ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ. ಯಾವುದಾದರೂ ಒಂದು ಚಿತ್ರದ ಮುಂದೆ ಹತ್ತು ಅಡಿ ದೂರ ನಿಂತು ನೋಡಿ, ಆಮೇಲೆ ಎರಡು ಅಡಿಯಷ್ಟು ಹತ್ತಿರ ಬನ್ನಿ. ದೂರದಲ್ಲಿ ಬೆಳಕಾಗಿ ಕಂಡದ್ದು ಹತ್ತಿರದಲ್ಲಿ ಕುಂಚದ ಒಂದು ಎಳೆತವಾಗಿ ಕಾಣುತ್ತದೆ. ಹೊರಡುವ ಮುನ್ನ ಚಿತ್ರದ ಮೂಲೆಯಲ್ಲಿ ಸಹಿ ಇದೆಯೇ ನೋಡಿ, ಇದ್ದರೆ ಓದಿ.